ಕಾರ್ಡೆಂಡೆನ್: ಗೋಲ್‌ಕೀಪರನೊಬ್ಬ ಮಲಗಿರುವ ಗಣಿಯೂರು

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ವೇವರ್ಲಿ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಫೋರ್ತ್ ಸೇತುವೆಯನ್ನು ಏರುತ್ತದೆ. 1890ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಉಕ್ಕಿನ ಸೇತುವೆಯನ್ನು ನೋಡಲೆಂದೇ ದೇಶವಿದೇಶಗಳಿಂದ ಪ್ರವಾಸಿಗರು ಬರುತ್ತಾರೆ. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂದವರಲ್ಲಿ ಹೆಚ್ಚಿನವರು ಸೇತುವೆಯ ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ರೈಲುಹಳಿ ಮಾತ್ರ ಮುಂದೆ ಸಾಗಿ, ಫೈಫ್ ಪ್ರಾಂತದ ಒಳನಾಡನ್ನು ಒಂದು ಸುತ್ತು ಹಾಕಿ, ಕಡಲತೀರದ ಕರ್ಕಾಡಿ ಪಟ್ಟಣದ ಮೂಲಕ ಮತ್ತೆ ಎಡಿನ್‌ಬರೋಗೆ ಮರಳುತ್ತದೆ.

ಈ ಸುತ್ತಿನ ಒಂದೊಂದು ನಿಲ್ದಾಣಕ್ಕೂ ಒಂದೊಂದು ಕಥೆಯಿದೆ. ಡನ್‌ಫರ್ಮ್‌ಲಿನ್, ಬಡ ನೇಕಾರನ ಮಗನಾಗಿ 1835ರಲ್ಲಿ ಹುಟ್ಟಿ ಅಮೆರಿಕದ ಉಕ್ಕಿನ ದೊರೆಯಾದ ಆಂಡ್ರೂ ಕಾರ್ನೆಗಿಯ ಊರು. ಅರ್ಥಶಾಸ್ತ್ರದ ಪಿತಾಮಹ ಆಡಮ್ ಸ್ಮಿತ್ 1723ರಲ್ಲಿ ಹುಟ್ಟಿದ್ದು ಕರ್ಕಾಡಿಯಲ್ಲಿ. ನಡುವೆ ಬರುವ ಲಾಕ್‌ಗೆಲ್ಲಿಯ ಹೆಸರು ಕೇಳಿದರೆ ಸ್ಕಾಟ್ಲೆಂಡಿನ ಹಿರಿಯರು ಇಂದಿಗೂ ಅಂಗೈ ಉಜ್ಜಿಕೊಳ್ಳುತ್ತಾರೆ. ಶಾಲಾ ಮಾಸ್ತರರು ಮಕ್ಕಳ ಅಂಗೈಗೆ ಬಾರಿಸುತ್ತಿದ್ದ ತೊಗಲಿನ ಪಟ್ಟಿಗಳು ತಯಾರಾಗುತ್ತಿದ್ದುದು ಆ ಊರಿನಲ್ಲಿ! ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ಆ ಶಿಕ್ಷೆ ನಿಂತದ್ದು 1987ರಲ್ಲಿ.

ಲಾಕ್‌ಗೆಲ್ಲಿಯ ನಂತರದ ನಿಲ್ದಾಣವೇ ಕಾರ್ಡೆಂಡೆನ್. ಪ್ರವಾಸಿ ಕೈಪಿಡಿಗಳು ಈ ಊರಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಓರ್ ಎಂಬ ಸಣ್ಣ ಹೊಳೆಯ ಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಬೋಹಿಲ್, ಡಂಡೊನಾಲ್ಡ್, ಆಕ್ಟರ್‌ಡೆರನ್ ಮುಂತಾದ ಹಳ್ಳಿಗಳೇ ಸೇರಿ ಕಾರ್ಡೆಂಡೆನ್ ಎನಿಸಿವೆ. ಆದರೂ ಗ್ಲಾಸ್ಗೋ ನಗರದಿಂದ, ಕೆಲವೊಮ್ಮೆ ಇನ್ನೂ ದೂರದಿಂದ, ಹಸಿರು ಬಿಳಿ ಪಟ್ಟೆಯ ಶಾಲು ಹೊದ್ದ ಜನ ಇಲ್ಲಿಗೆ ಬರುತ್ತಾರೆ. ಅವರು ಹುಡುಕಿಕೊಂಡು ಬರುವುದು ಬೋಹಿಲ್ ಸ್ಮಶಾನದಲ್ಲಿರುವ ಒಂದು ಸಮಾಧಿಯನ್ನು. ಅಲ್ಲಿ ಮಲಗಿರುವವನು ಜಾನ್ ಥಾಮ್ಸನ್. ಸೆಲ್ಟಿಕ್ ಫುಟ್‌ಬಾಲ್ ತಂಡದ ಮತ್ತು ಸ್ಕಾಟ್ಲೆಂಡಿನ ಗೋಲ್‌ಕೀಪರ್. ತೀರಿಕೊಂಡಾಗ ಆತನಿಗೆ ಇಪ್ಪತ್ತೆರಡೇ ವರ್ಷ.

ನೆಲದಡಿಯ ಬದುಕು

ಈ ಊರನ್ನು ಕಟ್ಟಿದ್ದು ಕಲ್ಲಿದ್ದಲು. 30 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಜೌಗು ಕಾಡುಗಳಿದ್ದವು. ಬಿದ್ದ ಮರಗಿಡಗಳ ಮೇಲೆ ಮಣ್ಣು ಮರಳು ಕೂತು, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಅವು ಕಲ್ಲಿದ್ದಲಿನ ಪದರಗಳಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ಹಡಗು, ಕಾರ್ಖಾನೆಗಳ ಹಸಿವು ಹೆಚ್ಚಿದಂತೆ ಫೈಫ್ ಪ್ರಾಂತದ ಉದ್ದಗಲಕ್ಕೂ ಗಣಿಗಳು ತೆರೆದುಕೊಂಡವು. ಅವುಗಳಲ್ಲಿ ದೊಡ್ಡದೊಂದು ಬೋಹಿಲ್ ಗಣಿ.

ಕಲ್ಲಿದ್ದಲಿನ ಜೊತೆಯಲ್ಲೇ ಅಡಗಿರುವ ಶತ್ರು ಮೀಥೇನ್ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 5ರಿಂದ 15ರಷ್ಟಿದ್ದಾಗ ಒಂದು ಕಿಡಿ ಸಾಕು, ಸುರಂಗವೇ ಸಿಡಿಯುತ್ತದೆ. ಇದರ ಮೇಲೆ ಚಾವಣಿ ಕುಸಿತ, ನೀರು ನುಗ್ಗುವುದು, ಶ್ವಾಸಕೋಶವನ್ನು ತಿನ್ನುವ ದೂಳು. ಬೆಳಿಗ್ಗೆ ಗಂಡನನ್ನೋ ಮಗನನ್ನೋ ಗಣಿಗೆ ಕಳುಹಿಸಿದ ಹೆಂಗಸು ಸಂಜೆ ಅವರ ಬೂಟಿನ ಸದ್ದು ಕೇಳುವವರೆಗೆ ನೆಮ್ಮದಿಯಾಗಿರುತ್ತಿರಲಿಲ್ಲ.

ಜಾನ್ ಥಾಮ್ಸನ್ ಹುಟ್ಟಿದ್ದು 1909ರ ಜನವರಿ 28ರಂದು, ಕರ್ಕಾಡಿಯಲ್ಲಿ. ಬೆಳೆದದ್ದು ಕಾರ್ಡೆಂಡೆನ್‌ನಲ್ಲಿ. ತಂದೆ ಬೋಹಿಲ್ ಗಣಿಯ ಕಾರ್ಮಿಕ. ಓದು ಮುಗಿಸಿದ ಹದಿನಾಲ್ಕು ವರ್ಷದ ಹುಡುಗನೂ ಅದೇ ಗಣಿಗೆ ಇಳಿದ. ನೆಲಮಟ್ಟದಿಂದ ಸುಮಾರು 300 ಗಜ ಆಳದಲ್ಲಿ, ಕಲ್ಲಿದ್ದಲು ತುಂಬಿದ ತೊಟ್ಟಿಬಂಡಿಗಳನ್ನು ಎಳೆಯುವ ಸರಪಳಿಯ ಕೊಂಡಿ ಬಿಚ್ಚುವುದು ಅವನ ಕೆಲಸ. ಬಂಡಿ ಬರುವುದನ್ನು ಕಣ್ಣಳತೆಯಲ್ಲಿ ಹಿಡಿದು, ತಕ್ಕ ಕ್ಷಣದಲ್ಲಿ ಕೈ ಹಾಕಬೇಕು. ತಡವಾದರೆ ಬೆರಳುಗಳೇ ಹೋದಾವು.

ಇಂಥ ಊರಿನ ಹುಡುಗರಿಗೆ ಸಿಗುತ್ತಿದ್ದ ಬೆಳಕೆಂದರೆ ಶನಿವಾರದ ಆಟದ ಬಯಲು. ಎರಡು ಮಹಾಯುದ್ಧಗಳ ನಡುವಿನ ಸ್ಕಾಟ್ಲೆಂಡಿನಲ್ಲಿ ಗಣಿಯೂರುಗಳೇ ಫುಟ್‌ಬಾಲಿನ ಪಾಠಶಾಲೆಗಳಾಗಿದ್ದವು. 1928ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡನ್ನು 5-1ರಿಂದ ಸೋಲಿಸಿದ ಸ್ಕಾಟ್ಲೆಂಡ್ ತಂಡದ ಇಬ್ಬರು ಪ್ರಸಿದ್ಧ ಆಟಗಾರರು, ಅಲೆಕ್ಸ್ ಜೇಮ್ಸ್ ಮತ್ತು ಹ್ಯೂಯಿ ಗ್ಯಾಲಕರ್, ಲ್ಯಾನಾರ್ಕ್‌ಶೈರಿನ ಬೆಲ್ಸ್‌ಹಿಲ್ ಎಂಬ ಗಣಿಯೂರಿನ ಒಂದೇ ಶಾಲೆಯಲ್ಲಿ ಓದಿದವರು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಬೆಳೆಸಿದ ಮ್ಯಾಟ್ ಬಸ್ಬಿ ಹುಟ್ಟಿದ್ದೂ ಅದೇ ಊರಿನ ಮಗ್ಗುಲಲ್ಲಿ. ಗಣಿಯಿಂದ ಮೇಲೆ ಬರಲು ಪಂಜರದ ಲಿಫ್ಟ್ ಒಂದು ದಾರಿಯಾದರೆ, ಚೆಂಡು ಇನ್ನೊಂದು ದಾರಿಯಾಗಿತ್ತು.

ಬೇರೊಬ್ಬನನ್ನು ನೋಡಲು ಬಂದವರು

1926ನೆಯ ಇಸವಿ ಬ್ರಿಟನ್ನಿನ ಗಣಿಯೂರುಗಳಿಗೆ ಮರೆಯಲಾಗದ ವರ್ಷ. ಕೂಲಿ ಕಡಿತವನ್ನು ಒಪ್ಪದ ಕಾರ್ಮಿಕರನ್ನು ಹೊರಗಿಟ್ಟು ಮಾಲೀಕರು ಗಣಿಗಳಿಗೆ ಬೀಗ ಹಾಕಿದರು. ಮೇ ತಿಂಗಳಲ್ಲಿ ದೇಶವ್ಯಾಪಿ ಮುಷ್ಕರ ನಡೆದು ಒಂಬತ್ತು ದಿನಗಳಲ್ಲಿ ಮುಗಿದರೂ, ಗಣಿ ಕಾರ್ಮಿಕರು ಚಳಿಗಾಲದ ಹೊಸ್ತಿಲವರೆಗೆ ಹಟ ಹಿಡಿದು ನಿಂತರು. ಮನೆಗಳಲ್ಲಿ ಒಲೆ ಆರಿತು. ಬೀದಿಗಳಲ್ಲಿ ಗಂಜಿಕೇಂದ್ರಗಳು ತೆರೆದವು. ಬೋಹಿಲ್ ಗಣಿಯಲ್ಲೇ ದುಡಿಯುತ್ತಿದ್ದ ಜೋ ಕಾರಿ ಎಂಬ ಕಾರ್ಮಿಕ ಆ ದಿನಗಳ ಸಂಕಟವನ್ನು ನಾಟಕವಾಗಿ ಬರೆದ. ಊರಿನವರೇ ಬಣ್ಣ ಹಚ್ಚಿ ಆಡಿ, ಬಂದ ಹಣವನ್ನು ಗಂಜಿಕೇಂದ್ರಕ್ಕೆ ಕೊಟ್ಟರು.

ಆ ಹಸಿವಿನ ವರ್ಷದ ಅಕ್ಟೋಬರಿನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿನ ಪ್ರತಿಭಾನ್ವೇಷಕ ಸ್ಟೀವ್ ಕ್ಯಾಲಹನ್ ಫೈಫ್‌ಗೆ ಬಂದರು. ವೆಲ್ಸ್‌ಲಿ ಜೂನಿಯರ್ಸ್ ಮತ್ತು ಡೆನ್‌ಬೀತ್ ಸ್ಟಾರ್ ತಂಡಗಳ ನಡುವೆ ಪಂದ್ಯವಿತ್ತು. ಅವರು ಕಣ್ಣಿಟ್ಟಿದ್ದುದು ಡೆನ್‌ಬೀತ್ ತಂಡದ ಗೋಲ್‌ಕೀಪರನ ಮೇಲೆ. ಪಂದ್ಯ ಮುಗಿಯುವ ಹೊತ್ತಿಗೆ ಅವರ ಮನಸ್ಸನ್ನು ಹಿಡಿದವನು ಎದುರು ಬದಿಯ ಕಂಬಗಳ ನಡುವೆ ನಿಂತಿದ್ದ ಹದಿನೇಳರ ಹುಡುಗ, ಜಾನ್ ಥಾಮ್ಸನ್. ಸೆಲ್ಟಿಕ್ ಅವನಿಗಾಗಿ ವೆಲ್ಸ್‌ಲಿ ತಂಡಕ್ಕೆ ಕೊಟ್ಟ ಹಣ ಕೇವಲ ಹತ್ತು ಪೌಂಡ್.

1927ರ ಫೆಬ್ರವರಿ 12ರಂದು ಡಂಡೀ ತಂಡದ ವಿರುದ್ಧ ಮೊದಲ ಪಂದ್ಯ. ಆಗಷ್ಟೇ ಹದಿನೆಂಟು ತುಂಬಿತ್ತು. ಸೆಲ್ಟಿಕ್ 2-1ರಿಂದ ಗೆದ್ದಿತು. ಎರಡು ತಿಂಗಳ ನಂತರ ಸ್ಕಾಟಿಷ್ ಕಪ್ ಫೈನಲ್. ಎದುರಾಳಿ ಯಾರು? ಅವನದೇ ಪ್ರಾಂತದ ಈಸ್ಟ್ ಫೈಫ್! ಸೆಲ್ಟಿಕ್ 3-1ರಿಂದ ಕಪ್ ಗೆದ್ದಿತು. ನಾಲ್ಕು ವರ್ಷಗಳ ಹಿಂದೆ ಸರಪಳಿಯ ಕೊಂಡಿ ಬಿಚ್ಚಲು ಗಣಿಗೆ ಇಳಿದಿದ್ದ ಹುಡುಗನ ಕೊರಳಲ್ಲಿ ಪದಕ ಬಿತ್ತು.

ಥಾಮ್ಸನ್ ಎತ್ತರದ ಆಳೇನಲ್ಲ, ಐದು ಅಡಿ ಒಂಬತ್ತು ಇಂಚು. ಆದರೆ ನಿಂತಲ್ಲಿಂದಲೇ ಚಿಮ್ಮುವ ಅವನ ಶಕ್ತಿ ಅಸಾಧಾರಣವಾಗಿತ್ತು. ಆತನ ಕೈಗೆ ಸಿಕ್ಕ ಚೆಂಡು ಜಾರುತ್ತಿರಲಿಲ್ಲ. ಅಭಿಮಾನಿಗಳು 'ಗೋಲ್‌ಕೀಪರುಗಳ ರಾಜಕುಮಾರ' ಎಂದು ಕರೆದರು. ಸೆಲ್ಟಿಕ್ ಪರವಾಗಿ 188 ಪಂದ್ಯ, ಸ್ಕಾಟ್ಲೆಂಡಿನ ಪರವಾಗಿ ನಾಲ್ಕು ಅಂತರರಾಷ್ಟ್ರೀಯ ಪಂದ್ಯ ಆಡಿದ. 1931ರ ಮಾರ್ಚಿನಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಇಂಗ್ಲೆಂಡಿಗೆ ಒಂದೂ ಗೋಲು ಬಿಟ್ಟುಕೊಡದೆ ಸ್ಕಾಟ್ಲೆಂಡ್ 2-0ರಿಂದ ಗೆದ್ದಾಗ ಗೋಲಿನಲ್ಲಿದ್ದವನು ಈತನೇ. ಮರುತಿಂಗಳೇ ಸ್ಕಾಟಿಷ್ ಕಪ್ ಮತ್ತೊಮ್ಮೆ ಸೆಲ್ಟಿಕ್ ಪಾಲಾಯಿತು. ಆ ಬೇಸಿಗೆಯಲ್ಲಿ ತಂಡ ಹಡಗೇರಿ ಅಮೆರಿಕ ಪ್ರವಾಸಕ್ಕೂ ಹೋಗಿ ಬಂತು.

ಈ ಕ್ಲಬ್ಬಿನ ಹಿನ್ನೆಲೆಯನ್ನೂ ತಿಳಿಯಬೇಕು. ಗ್ಲಾಸ್ಗೋದ ಪೂರ್ವ ಭಾಗದಲ್ಲಿದ್ದ ಬಡ ಐರಿಷ್ ವಲಸಿಗರ ಮಕ್ಕಳ ಊಟಕ್ಕೆ ಹಣ ಕೂಡಿಸಲು ಬ್ರದರ್ ವಾಲ್‌ಫ್ರಿಡ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ 1887ರಲ್ಲಿ ಕಟ್ಟಿದ ಸಂಸ್ಥೆ ಸೆಲ್ಟಿಕ್. ನಗರದ ಇನ್ನೊಂದು ದೊಡ್ಡ ತಂಡ ರೇಂಜರ್ಸ್, ಪ್ರಾಟೆಸ್ಟೆಂಟರ ಅಭಿಮಾನದ ತಂಡ. ಎರಡರ ನಡುವಿನ ಪಂದ್ಯವೆಂದರೆ ಧರ್ಮ, ರಾಜಕೀಯ ಎಲ್ಲವೂ ಕುದಿಯುವ ದಿನ. ಥಾಮ್ಸನ್ ಹುಟ್ಟಿನಿಂದ ಪ್ರಾಟೆಸ್ಟೆಂಟ್. ಆದರೂ ಕ್ಯಾಥೊಲಿಕ್ ಜನ ಅವನನ್ನು ಮನೆಮಗನಂತೆ ಕಂಡರು. ಅದೇ ಸೆಲ್ಟಿಕ್ ತಂಡದ ಪರವಾಗಿ 1936ರಲ್ಲಿ ಕಲ್ಕತ್ತದ ಮಹಮ್ಮದ್ ಸಲೀಂ ಬೂಟಿಲ್ಲದೆ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಆಡಿ ಗ್ಲಾಸ್ಗೋದವರನ್ನು ಬೆರಗುಗೊಳಿಸಿದ್ದು ಭಾರತೀಯ ಓದುಗರಿಗೆ ಹೆಮ್ಮೆಯ ಸಂಗತಿ.

ತಾಯಿಯ ಆತಂಕ

ಮಗನ ಕೀರ್ತಿ ಬೆಳೆಯುತ್ತಿದ್ದರೂ ತಾಯಿ ಜೀನ್ ಥಾಮ್ಸನ್ ಅವರಿಗೆ ಸಮಾಧಾನವಿರಲಿಲ್ಲ. ಮಗ ಗೋಲ್‌ಕೀಪರ್ ಆಗುವುದು ಆಕೆಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಆಟದಲ್ಲೇ ಅವನಿಗೆ ಕೇಡಾಗುತ್ತದೆಂದು ಆಕೆಯ ಮನಸ್ಸು ಹೇಳುತ್ತಿತ್ತಂತೆ. 1930ರ ಫೆಬ್ರವರಿಯಲ್ಲಿ ಏರ್‌ಡ್ರಿ ತಂಡದ ವಿರುದ್ಧದ ಪಂದ್ಯದಲ್ಲಿ ಆ ಭಯಕ್ಕೆ ಆಧಾರವೂ ಸಿಕ್ಕಿತು. ಎದುರಾಳಿಯ ಕಾಲಿನ ಬಳಿಗೆ ಧುಮುಕಿದ ಥಾಮ್ಸನ್‌ನ ದವಡೆ ಮುರಿಯಿತು, ಪಕ್ಕೆಲುಬುಗಳು ಮುರಿದವು, ಎರಡು ಹಲ್ಲು ಉದುರಿದವು. ಆಟ ಬಿಟ್ಟುಬಿಡೆಂದು ತಾಯಿ ಬೇಡಿಕೊಂಡರು. ಮಗ ಒಪ್ಪಲಿಲ್ಲ. ಚೇತರಿಸಿಕೊಂಡು ಮತ್ತೆ ಕಂಬಗಳ ನಡುವೆ ನಿಂತ.

ಗೋಲ್‌ಕೀಪರ್ ಹಾಗೆ ಕಾಲಿನ ಬಳಿಗೆ ಧುಮುಕುವುದಾದರೂ ಏಕೆ? ಇದು ಸರಳ ರೇಖಾಗಣಿತ. ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ. ಕಾವಲುಗಾರ ಗೆರೆಯ ಮೇಲೇ ನಿಂತರೆ ಅವನ ಎಡಬಲಕ್ಕೆ ಚೆಂಡು ನುಸುಳಲು ಬೇಕಾದಷ್ಟು ಜಾಗ. ಚೆಂಡಿನ ಕಡೆಗೆ ಮುಂದೆ ಬಂದಷ್ಟೂ ಅವನ ದೇಹ ಮರೆಮಾಡುವ ಕೋನ ದೊಡ್ಡದಾಗುತ್ತದೆ, ಹೊಡೆಯುವವನಿಗೆ ಕಾಣುವ ಗೋಲು ಕಿರಿದಾಗುತ್ತದೆ. ದೀಪದ ಹತ್ತಿರ ಹಿಡಿದ ಅಂಗೈ ಇಡೀ ಗೋಡೆಗೆ ನೆರಳು ಹಾಕುವುದಿಲ್ಲವೆ? ಹಾಗೆ. ಆದ್ದರಿಂದ ಒಳ್ಳೆಯ ಗೋಲ್‌ಕೀಪರ್ ಓಡಿಬರುವವನ ಕಾಲಿಗೇ ಬೀಳಬೇಕು. ಹಾಗೆ ಬೀಳುವಾಗ ಮುಂದಿರುವುದು ಅವನ ತಲೆ.

ಐಬ್ರಾಕ್ಸ್, 1931ರ ಸೆಪ್ಟೆಂಬರ್ 5

ಅಂದು ಶನಿವಾರ. ಗ್ಲಾಸ್ಗೋದ ಐಬ್ರಾಕ್ಸ್, ರೇಂಜರ್ಸ್ ತಂಡದ ಮೈದಾನ. ಸುಮಾರು 80,000 ಪ್ರೇಕ್ಷಕರು. ವಿರಾಮದ ತನಕ ಗೋಲಿಲ್ಲ. ದ್ವಿತೀಯಾರ್ಧ ಶುರುವಾಗಿ ಕೆಲವೇ ನಿಮಿಷಗಳಾಗಿದ್ದವು. ರೇಂಜರ್ಸ್‌ನ ಮುನ್ನಡೆ ಆಟಗಾರ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ಒಳನುಗ್ಗಿದ. ಹೆಸರು ಇಂಗ್ಲಿಷ್ ಎಂದಿದ್ದರೂ ಆತ ಐರ್ಲೆಂಡಿನಲ್ಲಿ ಹುಟ್ಟಿ, ಕ್ಲೈಡ್ ನದಿಯ ದಂಡೆಯ ಡಾಲ್‌ಮ್ಯೂರ್ ಎಂಬ ಹಡಗುಕಟ್ಟೆಯ ಊರಿನಲ್ಲಿ ಬೆಳೆದವನು. ಇಪ್ಪತ್ಮೂರು ವರ್ಷ. ರೇಂಜರ್ಸ್ ಸೇರಿ ಎರಡು ತಿಂಗಳೂ ಕಳೆದಿರಲಿಲ್ಲ.

ಇಂಗ್ಲಿಷ್ ಹೊಡೆಯುವುದಕ್ಕೂ ಥಾಮ್ಸನ್ ಧುಮುಕುವುದಕ್ಕೂ ಸರಿಹೋಯಿತು. ಚೆಂಡು ಗೋಲಿನ ಹೊರಗೆ ಹೋಯಿತು. ಥಾಮ್ಸನ್‌ನ ತಲೆ ಇಂಗ್ಲಿಷ್‌ನ ಮಂಡಿಗೆ ಬಡಿದಿತ್ತು. ಏನೋ ಅನಾಹುತವಾಗಿದೆ ಎಂದು ಮೊದಲು ಅರಿತವರಲ್ಲಿ ಒಬ್ಬ ಇಂಗ್ಲಿಷ್. ಕುಂಟುತ್ತಲೇ ಎದ್ದು, ಕೈಬೀಸಿ ನೆರವಿಗೆ ಕರೆದ. ಗೋಲಿನ ಹಿಂದಿದ್ದ ರೇಂಜರ್ಸ್ ಅಭಿಮಾನಿಗಳಲ್ಲಿ ಕೆಲವರು, ವಿಷಯ ತಿಳಿಯದೆ, ಗೇಲಿ ಮಾಡತೊಡಗಿದರು. ರೇಂಜರ್ಸ್ ನಾಯಕ ಡೇವಿಡ್ ಮೀಕಲ್‌ಜಾನ್ ಅವರತ್ತ ನಡೆದು ಕೈ ಎತ್ತಿದ. ಗದ್ದಲ ಅಡಗಿತು. ಇಡೀ ಮೈದಾನ ಮೌನವಾಯಿತು.

ಕಿವಿಗೂ ಹುಬ್ಬಿನ ತುದಿಗೂ ನಡುವೆ ಇರುವ ಕಣತಲೆಯ ಭಾಗದಲ್ಲಿ ತಲೆಬುರುಡೆ ತುಂಬ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಪೆಟ್ಟು ಬಿದ್ದದ್ದು ಅಲ್ಲಿಗೇ. ಎಲುಬು ಒಳಕ್ಕೆ ಕುಸಿದು, ರಕ್ತನಾಳ ಹರಿಯಿತು. ಬುರುಡೆ ಗಟ್ಟಿ ಪೆಟ್ಟಿಗೆಯಂತೆ. ಒಳಗೆ ರಕ್ತ ತುಂಬಿದರೆ, ಮೆದುಳು ಊದಿಕೊಂಡರೆ, ಹಿಗ್ಗಲು ಜಾಗವಿಲ್ಲ. ಒತ್ತಡ ಏರುತ್ತಲೇ ಹೋಗುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ವೈದ್ಯರು ಆ ಒತ್ತಡವನ್ನು ಇಳಿಸಲು ತುರ್ತು ಶಸ್ತ್ರಚಿಕಿತ್ಸೆ ಮಾಡಿದರು. ಫಲಿಸಲಿಲ್ಲ. ರಾತ್ರಿ 9 ಗಂಟೆ 25 ನಿಮಿಷಕ್ಕೆ ಜಾನ್ ಥಾಮ್ಸನ್ ಕೊನೆಯುಸಿರೆಳೆದ. ಪಂದ್ಯ ಗೋಲಿಲ್ಲದೆ ಸಮವಾಗಿತ್ತು. ಆ ರಾತ್ರಿ ಯಾರಿಗೂ ಅದರ ನೆನಪಿರಲಿಲ್ಲ.

ನಡೆದು ಬಂದ ಜನ

ಸೆಪ್ಟೆಂಬರ್ 9ರಂದು ಬೋಹಿಲ್‌ನಲ್ಲಿ ಅಂತ್ಯಕ್ರಿಯೆ. ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಹೊರಟ ರೈಲುಗಳನ್ನು ಬೀಳ್ಕೊಡಲು ಗ್ಲಾಸ್ಗೋದಲ್ಲಿ ಸಾವಿರಾರು ಜನ ನಿಂತಿದ್ದರು. ಅದು ಜಾಗತಿಕ ಆರ್ಥಿಕ ಕುಸಿತದ ಕಾಲ. ಹಡಗುಕಟ್ಟೆಗಳಲ್ಲಿ ಕೆಲಸವಿರಲಿಲ್ಲ. ರೈಲಿನ ಟಿಕೆಟ್ಟಿಗೆ ಹಣವಿಲ್ಲದ ನಿರುದ್ಯೋಗಿಗಳು ಗ್ಲಾಸ್ಗೋದಿಂದ ಕಾರ್ಡೆಂಡೆನ್‌ಗೆ 55 ಮೈಲಿ, ಅಂದರೆ 88 ಕಿಲೋಮೀಟರ್, ನಡೆದೇ ಬಂದರು. ಊರಿನ ಹತ್ತಿರದ ಗುಡ್ಡಗಳ ಮೇಲೆ ಬಯಲಲ್ಲೇ ರಾತ್ರಿ ಕಳೆದರು. ಸಣ್ಣ ಗಣಿಯೂರಿನಲ್ಲಿ ಅಂದು ಸೇರಿದ್ದವರು ಮೂವತ್ತು ಸಾವಿರಕ್ಕೂ ಹೆಚ್ಚು. ಅವನ ಜೊತೆಗಾರ ಆಟಗಾರರೇ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆ ಜನಸಾಗರದಲ್ಲಿ ಸೆಲ್ಟಿಕ್‌ನವರು, ರೇಂಜರ್ಸ್‌ನವರು ಇಬ್ಬರೂ ಇದ್ದರು.

ಊರು ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಕ್ಟೋಬರ್ 31ರಂದು ಬೋಹಿಲ್ ಗಣಿಯಲ್ಲಿ ಸ್ಫೋಟ ಸಂಭವಿಸಿತು. ಹತ್ತು ಮಂದಿ ಕಾರ್ಮಿಕರು ಸತ್ತರು. ಅವರಿಗಾಗಿ ಯಾವ ನಗರದಿಂದಲೂ ವಿಶೇಷ ರೈಲುಗಳು ಬರಲಿಲ್ಲ. ಮಗ ಆಟದ ಬಯಲಿನಲ್ಲಿ ಸತ್ತನೆಂದು ಅತ್ತ ಬೀದಿಗಳಲ್ಲೇ, ಎರಡು ತಿಂಗಳೊಳಗೆ, ಗಣಿಯಲ್ಲಿ ಸತ್ತವರಿಗಾಗಿ ಅಳುವ ಮನೆಗಳೂ ಸೇರಿಕೊಂಡವು. ಮಗ ಗಣಿಯಲ್ಲೇ ಉಳಿದಿದ್ದರೆ ಕ್ಷೇಮವಾಗಿರುತ್ತಿದ್ದನೆ? ಆ ಊರಿನ ಯಾವ ತಾಯಿಯೂ ಹಾಗೆ ಖಚಿತವಾಗಿ ಹೇಳುವಂತಿರಲಿಲ್ಲ.

ಇನ್ನೊಬ್ಬ ಹುಡುಗ

ಈ ಕಥೆಯಲ್ಲಿ ಸಮಾಧಿಯಿಲ್ಲದ ಇನ್ನೊಂದು ದುರಂತವಿದೆ. ಅದು ಸ್ಯಾಮ್ ಇಂಗ್ಲಿಷ್‌ನದು. ವಿಚಾರಣೆಯಲ್ಲಿ ಘಟನೆ ಶುದ್ಧ ಆಕಸ್ಮಿಕವೆಂದು ತೀರ್ಮಾನವಾಯಿತು. ಥಾಮ್ಸನ್ ಕುಟುಂಬದವರು ಅವನ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಸೆಲ್ಟಿಕ್‌ನ ಮ್ಯಾನೇಜರ್ ವಿಲ್ಲಿ ಮೇಲಿ, ಅದು ಆಕಸ್ಮಿಕವೆಂದೇ ಆಶಿಸುತ್ತೇನೆ, ತೀರ್ಮಾನಿಸುವಷ್ಟು ತಾವು ನೋಡಲಿಲ್ಲ ಎಂಬ ಅರ್ಥದ ಮಾತು ಹೇಳಿದರು. ಆ ಒಂದು ಅಡ್ಡಗೋಡೆಯ ಮಾತು ಸಾಕಾಯಿತು. ಮೈದಾನದಿಂದ ಮೈದಾನಕ್ಕೆ ಹೋದಲ್ಲೆಲ್ಲ ಪ್ರೇಕ್ಷಕರು ಅವನನ್ನು ಹಂಗಿಸಿದರು.

ವಿಚಿತ್ರವೆಂದರೆ, ಅದೇ ಋತುವಿನಲ್ಲಿ ಆತ ಲೀಗ್ ಪಂದ್ಯಗಳಲ್ಲಿ 44 ಗೋಲು ಹೊಡೆದು ರೇಂಜರ್ಸ್ ಕ್ಲಬ್ಬಿನ ದಾಖಲೆ ಸ್ಥಾಪಿಸಿದ. ಕಾಲು ತನ್ನ ಕೆಲಸ ಮಾಡಿತು, ಮನಸ್ಸು ಕುಗ್ಗಿತು. ಮರುವರ್ಷವೇ ಊರು ಬಿಟ್ಟು ಇಂಗ್ಲೆಂಡಿನ ಲಿವರ್‌ಪೂಲ್ ತಂಡ ಸೇರಿದ. ಹಂಗಿಸುವ ಮಾತು ಅಲ್ಲಿಗೂ ಬೆನ್ನಟ್ಟಿತು. ಇನ್ನೂ ಒಂದೆರಡು ತಂಡಗಳಲ್ಲಿ ಆಡಿ, ಮೂವತ್ತು ತುಂಬುವ ಮೊದಲೇ 1938ರಲ್ಲಿ ಆಟಕ್ಕೆ ವಿದಾಯ ಹೇಳಿದ. ಆ ಶನಿವಾರದ ನಂತರದ ಏಳು ವರ್ಷ ಆಟದಲ್ಲಿ ತನಗೆ ಸಂತೋಷವೆಂಬುದೇ ಇರಲಿಲ್ಲ ಎಂದು ಹೇಳಿಕೊಂಡನಂತೆ. 1967ರಲ್ಲಿ ತೀರಿಕೊಂಡ. ಗೇಲಿ ಮಾಡುವವರನ್ನು ಒಂದು ಕೈ ಎತ್ತಿ ಸುಮ್ಮನಾಗಿಸುವ ಮೀಕಲ್‌ಜಾನ್ ಎಲ್ಲ ಮೈದಾನಗಳಲ್ಲೂ ಇರಲಿಲ್ಲ.

ಇಂದಿನ ಕಾರ್ಡೆಂಡೆನ್

ಬೋಹಿಲ್ ಗಣಿ 1965ರಲ್ಲಿ ಮುಚ್ಚಿತು. ಗಣಿಯ ಹೊಗೆ, ಸೈರನ್ ಸದ್ದು ಈಗಿಲ್ಲ. ಪತ್ತೇದಾರಿ ಕಾದಂಬರಿಗಳಿಂದ ಜಗತ್ಪ್ರಸಿದ್ಧನಾದ ಇಯಾನ್ ರ‍್ಯಾಂಕಿನ್ 1960ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ ಎಂಬುದನ್ನು ಸಾಹಿತ್ಯಾಸಕ್ತರು ಗಮನಿಸಬಹುದು. ಬೋಹಿಲ್ ಸ್ಮಶಾನದಲ್ಲಿ ಥಾಮ್ಸನ್‌ನ ಸಮಾಧಿ ಹುಡುಕಲು ಕಷ್ಟವಿಲ್ಲ. ಯಾರೋ ಇಟ್ಟು ಹೋದ ಹೂವು, ಹಸಿರು ಬಿಳಿ ಶಾಲುಗಳು ಗುರುತು ಹೇಳುತ್ತವೆ. 2008ರಲ್ಲಿ ಸ್ಕಾಟಿಷ್ ಫುಟ್‌ಬಾಲಿನ ಕೀರ್ತಿಶಾಲಿಗಳ ಪಟ್ಟಿಯಲ್ಲಿ ಅವನ ಹೆಸರು ಸೇರಿತು.

ಅಂದಿನಿಂದ ವೈದ್ಯಶಾಸ್ತ್ರ ಬಹಳ ಮುಂದೆ ಬಂದಿದೆ. 1970ರ ದಶಕದಲ್ಲಿ ಬಂದ ಸಿ.ಟಿ. ಸ್ಕ್ಯಾನ್, ಬುರುಡೆ ತೆರೆಯದೆಯೇ ಒಳಗಿನ ರಕ್ತಸ್ರಾವವನ್ನು ತೋರಿಸುತ್ತದೆ. 2006ರ ಅಕ್ಟೋಬರಿನಲ್ಲಿ ಚೆಲ್ಸಿ ತಂಡದ ಗೋಲ್‌ಕೀಪರ್ ಪೀಟರ್ ಚೆಕ್ ಇದೇ ರೀತಿ ಎದುರಾಳಿಯ ಕಾಲಿನ ಬಳಿಗೆ ಧುಮುಕಿ, ಮಂಡಿ ಬಡಿದು, ತಲೆಬುರುಡೆ ಒಳಕ್ಕೆ ಕುಸಿಯಿತು. ಶಸ್ತ್ರಚಿಕಿತ್ಸೆಯ ನಂತರ ಮೂರೇ ತಿಂಗಳಲ್ಲಿ, ತಲೆಗೆ ರಕ್ಷಾಕವಚ ಧರಿಸಿ ಆತ ಮೈದಾನಕ್ಕೆ ಮರಳಿದ. ಚೆಂಡನ್ನು ತಲೆಯಿಂದ ಹೊಡೆಯುವುದರ ದೀರ್ಘಕಾಲದ ಪರಿಣಾಮವನ್ನೂ ಈಗ ಯೋಚಿಸಲಾಗುತ್ತಿದೆ. ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳು ಅಭ್ಯಾಸದ ವೇಳೆ ತಲೆಯಿಂದ ಚೆಂಡು ಹೊಡೆಯಬಾರದೆಂದು 2020ರಲ್ಲಿ ಸ್ಕಾಟ್ಲೆಂಡ್ ನಿಯಮ ಮಾಡಿತು.

ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗ 'ಏನೂ ಆಗಿಲ್ಲ ಸಾರ್' ಎಂದು ಎದ್ದು ನಿಂತರೂ ಆ ದಿನ ಅವನನ್ನು ಹೊರಗೆ ಕೂರಿಸಬೇಕು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರಿಕೆ ಎಂದರೆ ಆಟವನ್ನೇ ಬಿಡಿಸುವುದಲ್ಲ. ಅದೇ ರೀತಿ, ಆಕಸ್ಮಿಕವಾಗಿ ಗೆಳೆಯನಿಗೆ ಪೆಟ್ಟು ಮಾಡಿದ ಹುಡುಗನ ಹೆಗಲ ಮೇಲೂ ಯಾರಾದರೂ ಕೈ ಇಡಬೇಕು. ಸ್ಯಾಮ್ ಇಂಗ್ಲಿಷ್‌ಗೆ ಸಿಗದೆ ಹೋದದ್ದು ಅದೇ.

ಕಾರ್ಡೆಂಡೆನ್ ಜನ ಈ ಪಾಠವನ್ನು ತಮ್ಮದೇ ರೀತಿಯಲ್ಲಿ ಕಲಿತಂತೆ ಕಾಣುತ್ತದೆ. ಮಗನೊಬ್ಬನನ್ನು ಮೈದಾನ ನುಂಗಿತೆಂದು ಆ ಊರು ಮಕ್ಕಳನ್ನು ಮೈದಾನದಿಂದ ದೂರ ಇಡಲಿಲ್ಲ. ಅವನ ಹೆಸರಿನಲ್ಲಿ ಊರಿನವರು ನಡೆಸಿಕೊಂಡು ಬಂದ ಸ್ಮಾರಕ ಪಂದ್ಯಾವಳಿ ದೊಡ್ಡ ಕ್ಲಬ್ಬುಗಳದಲ್ಲ, ಸುತ್ತಮುತ್ತಲಿನ ಪ್ರಾಥಮಿಕ ಶಾಲೆಯ ಮಕ್ಕಳದು. ಹದಿನಾಲ್ಕಕ್ಕೆ ಗಣಿಗೆ ಇಳಿಯುವ ಹಂಗು ಆ ಮಕ್ಕಳಿಗಿಲ್ಲ. ಗೋಲಿನ ಕಂಬಗಳ ನಡುವೆ ಯಾರೋ ಒಬ್ಬ ಪುಟ್ಟ ಹುಡುಗ ತನಗಿಂತ ದೊಡ್ಡದಾದ ಕೈಗವಸು ತೊಟ್ಟು ನಿಲ್ಲುತ್ತಾನೆ. ಗೆರೆಯಾಚೆ ಅವನ ತಾಯಿ ಸ್ವಲ್ಪ ಆತಂಕದಿಂದ, ಬಹಳ ಹೆಮ್ಮೆಯಿಂದ, ನೋಡುತ್ತಿರುತ್ತಾಳೆ.